ಸರತಿಯ ಸಾಲಿನಲ್ಲಿ ಹಿರಿಯರು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಸಂಘಗಳ ಗೋದಾಮಿನ ಬಾಗಿಲಲ್ಲಿ ಜನ ಸೇರುವುದು ಬೆಳೆಗಾರ ಬಾಂಧವರಿಗೆ ಹೊಸದಲ್ಲ. ಮುಂಗಾರು ಹಿಡಿಯುವ ಮೊದಲು ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮುಗಿಯಬೇಕು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ. ಕೊನೆಗಾರ ಸಿಕ್ಕಿದ ದಿನ ಮೈಲುತುತ್ತು ಕೈಯಲ್ಲಿಲ್ಲದಿದ್ದರೆ, ಮೈಲುತುತ್ತು ಸಿಕ್ಕಿದ ದಿನ ಮಳೆ ಬಿಡುವು ಕೊಡದಿದ್ದರೆ, ಕೊಳೆರೋಗದಿಂದ ಆ ವರ್ಷದ ಫಸಲಿನ ಗತಿ ಏನಾಗುತ್ತದೆಂದು ಇಲ್ಲಿ ವಿವರಿಸಬೇಕಾಗಿಲ್ಲ. ಆದುದರಿಂದ ಆ ಸಾಲಿನಲ್ಲಿ ನಿಂತವರ ಮುಖದಲ್ಲಿ ನಗೆ ಸ್ವಲ್ಪ ಕಡಿಮೆಯೇ.

ಇಂತಹ ಸಾಲಿಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೊಡೆ ಊರಿಕೊಂಡು ಬಂದು ಸೇರುತ್ತಾರೆನ್ನಿ. "ಬನ್ನಿ ಮಾವ, ನೀವು ಮುಂದೆ ಹೋಗಿ" ಎಂದು ಒಬ್ಬರು ದಾರಿ ಬಿಡುತ್ತಾರೆ. ಇನ್ನೊಬ್ಬರಿಗೆ ಸರಿಯಾಗಿ ಅದೇ ಹೊತ್ತಿಗೆ ಗೋದಾಮಿನ ಮಾಡಿನ ಹಂಚು ಎಣಿಸುವ ಕೆಲಸ ಬಂದುಬಿಡುತ್ತದೆ. ಮೂರನೆಯವರು ಪಕ್ಕದವರ ಕಿವಿಯಲ್ಲಿ, "ಮಗ ಜೀಪಿನಲ್ಲೇ ಕೂತಿದ್ದಾನೆ ನೋಡಿ, ಇಳಿದು ಬರಬಾರದಿತ್ತೇ?" ಎನ್ನುತ್ತಾರೆ. ಮೂವರಲ್ಲಿ ಯಾರದೂ ಪೂರ್ತಿ ತಪ್ಪೆಂದು ಹೇಳುವಂತಿಲ್ಲ. ಹಿರಿಯರಿಗೆ ಮೊದಲ ಅವಕಾಶ ಸಲ್ಲಬೇಕೇ, ಸಲ್ಲುವುದಾದರೆ ಎಲ್ಲ ಸಾಲುಗಳಲ್ಲೂ ಸಲ್ಲಬೇಕೇ, ಎಷ್ಟರಮಟ್ಟಿಗೆ ಸಲ್ಲಬೇಕು ಎಂಬುದು ಸಂಘಗಳ ಮಹಾಸಭೆಯಲ್ಲಿ 'ಇತರ ವಿಷಯಗಳು' ಎಂಬ ಕೊನೆಯ ಬಾಬಿನಲ್ಲಿ ಎದ್ದು, ಊಟದ ಹೊತ್ತಾಯಿತೆಂದು ಹಾಗೆಯೇ ಮುಗಿದುಹೋಗುವ ಪ್ರಶ್ನೆ. ಅದನ್ನು ಅವಸರವಿಲ್ಲದೆ ಸ್ವಲ್ಪ ವಿಚಾರ ಮಾಡುವುದು ಒಳ್ಳೆಯದು.

ಪಂಕ್ತಿ ಮತ್ತು ನೀರಿನ ಸರದಿ

ಸರದಿ ಎಂಬುದು ನಮಗೆ ಪೇಟೆಯಿಂದ ಬಂದದ್ದಲ್ಲ. ನಮ್ಮ ಕಡೆ ಎರಡು ಬಗೆಯ ಸರದಿ ಮೊದಲಿನಿಂದಲೂ ಇದ್ದಿತು.

ಒಂದು ಊಟದ ಪಂಕ್ತಿಯದು. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ವಯಸ್ಸಾದವರು, ಮಕ್ಕಳು, ದೂರದಿಂದ ಬಂದವರು. ಮನೆಯವರು ಮತ್ತು ಬಡಿಸಿದವರು ಕೊನೆಯ ಪಂಕ್ತಿಗೆ. ಇದನ್ನು ಯಾರೂ ಅನ್ಯಾಯವೆನ್ನುವುದಿಲ್ಲ. ಹೋಳಿಗೆಯನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ, ಕೊನೆಯ ಪಂಕ್ತಿಗೂ ಉಳಿಯುತ್ತದೆ ಎಂಬ ಭರವಸೆ ಎಲ್ಲರಿಗೂ ಇರುತ್ತದೆ. (ಉಳಿಯದ ಮದುವೆಗಳೂ ಉಂಟು. ಅವುಗಳ ಸುದ್ದಿ ಹತ್ತು ವರ್ಷವಾದರೂ ಊರಿನಲ್ಲಿ ಮರೆಯುವುದಿಲ್ಲ.) ಹಾಗೆಂದು ಪಂಕ್ತಿಯ ಪದ್ಧತಿಯನ್ನು ಹೊಗಳಿಕೊಂಡು ಕೂರುವಂತೆಯೂ ಇಲ್ಲ. ಯಾರು ಒಳಗೆ, ಯಾರು ಜಗಲಿಯಲ್ಲಿ, ಯಾರು ಅಂಗಳದಲ್ಲಿ ಎಂಬುದನ್ನು ವಯಸ್ಸಿಗಿಂತ ಜಾತಿ, ಅಂತಸ್ತುಗಳೇ ತೀರ್ಮಾನಿಸುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ.

ಎರಡನೆಯದು ನೀರಿನ ಸರದಿ. ಹಳ್ಳಕ್ಕೆ ಕಟ್ಟ ಹಾಕಿ ಹಲವು ಅಡಿಕೆ ತೋಟಗಳಿಗೆ ಒಂದೇ ಕಾಲುವೆಯಿಂದ ನೀರು ಹಾಯಿಸುತ್ತಿದ್ದ ಕಡೆಗಳಲ್ಲಿ ಇಂಥ ದಿನ ಇಂಥ ತೋಟಕ್ಕೆ ಎಂಬ ಕಟ್ಟಳೆ ಇತ್ತು. ಅಲ್ಲಿ ತೋಟದ ಯಜಮಾನರ ವಯಸ್ಸನ್ನು ಕೇಳುವವರಿರಲಿಲ್ಲ. ಬೇಸಿಗೆ ಬಲಿತ ಮೇಲೆ ಹಳ್ಳದ ನೀರು ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ. ಮೇಲಿನವರು ಒಂದು ಗಳಿಗೆ ಹೆಚ್ಚು ಹಾಯಿಸಿಕೊಂಡರೆ ಕೆಳಗಿನ ತೋಟದ ಮರ ಬಾಡುತ್ತದೆ. ಆದರೆ ಹಿರಿಯರಿಗೆ ಸಲ್ಲಬೇಕಾದ ಗೌರವ ಇನ್ನೊಂದು ದಾರಿಯಲ್ಲಿ ಸಲ್ಲುತ್ತಿತ್ತು. ರಾತ್ರಿಯ ಸರದಿ ಬಿದ್ದರೆ ಮುದುಕರ ತೋಟಕ್ಕೆ ನೀರು ತಿರುಗಿಸಲು ನೆರೆಮನೆಯ ಹುಡುಗ ಲಾಟೀನು ಹಿಡಿದು ಹೋಗುತ್ತಿದ್ದ. ನೀರು ಅಷ್ಟೇ, ಹೊತ್ತೂ ಅದೇ, ನಡೆಯುವ ಕಾಲು ಮಾತ್ರ ಬೇರೆಯವರದು.

ಪಂಕ್ತಿಯ ನ್ಯಾಯವೇ ಬೇರೆ, ನೀರಿನ ನ್ಯಾಯವೇ ಬೇರೆ. ಸಂಘದ ಕಿಟಕಿಯ ಎದುರು ನಡೆಯುವ ಮಾತಿನ ಚಕಮಕಿಗಳಲ್ಲಿ ಹೆಚ್ಚಿನವು, ಒಬ್ಬರು ಪಂಕ್ತಿಯ ನ್ಯಾಯ ಹೇಳುತ್ತಿರುವಾಗ ಇನ್ನೊಬ್ಬರು ನೀರಿನ ನ್ಯಾಯ ಹೇಳುತ್ತಿರುವುದರಿಂದಲೇ ಆಗುವಂಥವು ಎಂದು ನನ್ನ ಎಣಿಕೆ.

ಇದರ ಜೊತೆಗೆ ನಮ್ಮ ಮಾತಿನದೂ ಒಂದು ತೊಡಕಿದೆ. 'ದೊಡ್ಡವರು' ಎಂದರೆ ವಯಸ್ಸಿನಲ್ಲಿ ದೊಡ್ಡವರೂ ಹೌದು, ಆಸ್ತಿಯಲ್ಲಿ ದೊಡ್ಡವರೂ ಹೌದು. ದೊಡ್ಡವರನ್ನು ಸಾಲಿನಲ್ಲಿ ನಿಲ್ಲಿಸಬಾರದು ಎಂದು ಗುಮಾಸ್ತರು ಒಳಗೆ ಕರೆದು ಫ್ಯಾನಿನ ಕೆಳಗೆ ಕೂರಿಸಿ ಕಾಫಿ ತರಿಸುವಾಗ, ಅವರು ಯಾವ ಅರ್ಥದ ದೊಡ್ಡವರನ್ನು ಕರೆದರೆಂಬುದನ್ನು ಹೊರಗಡೆ ಬಿಸಿಲಿನಲ್ಲಿ ನಿಂತಿರುವ ಅರ್ಧ ಎಕರೆಯ ಅಜ್ಜನನ್ನು ಕೇಳಬೇಕು. ಸಹಕಾರ ಸಂಘದಲ್ಲಿ ನೂರು ಷೇರು ಇದ್ದವರಿಗೂ ಒಂದೇ ಮತ, ಒಂದು ಷೇರು ಇದ್ದವರಿಗೂ ಒಂದೇ ಮತ. ಮತಪೆಟ್ಟಿಗೆಯ ಮುಂದೆ ಒಪ್ಪಿಕೊಂಡ ಸಮಾನತೆಯನ್ನು ಗೊಬ್ಬರದ ಕಿಟಕಿಯ ಮುಂದೆ ಮರೆಯುವುದು ಸರಿಯಲ್ಲ. ಹಿರಿಯರಿಗೆ ಆದ್ಯತೆ ಬೇಕೋ ಬೇಡವೋ ಎಂಬ ಚರ್ಚೆಗೆ ಮೊದಲು ಈ ಎರಡನೆಯ ಅರ್ಥದ ದೊಡ್ಡವರಿಗೆ ಸಲ್ಲುತ್ತಿರುವ ಆದ್ಯತೆ ನಿಲ್ಲತಕ್ಕದ್ದು. ಸಾಲು ಎಂಬುದು ಸಣ್ಣ ಹಿಡುವಳಿದಾರರಿಗೆ ಸಿಕ್ಕಿರುವ ರಕ್ಷಣೆ. ಅದು ಮುರಿದಾಗ ಮೊದಲು ನಷ್ಟವಾಗುವುದು ಸಣ್ಣವರಿಗೇ.

ಕಾನೂನು ಏನೆನ್ನುತ್ತದೆ?

ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ 2007ರ ಕೇಂದ್ರ ಕಾಯ್ದೆಯ ಪ್ರಕಾರ 60 ವರ್ಷ ತುಂಬಿದ ಭಾರತೀಯ ಪ್ರಜೆಗಳು ಹಿರಿಯ ನಾಗರಿಕರು. ಅದೇ ಕಾಯ್ದೆಯ 20ನೆಯ ಕಲಮು ಸರ್ಕಾರಿ ಆಸ್ಪತ್ರೆಗಳ ವಿಚಾರ ಹೇಳುತ್ತಾ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕೆಂದು ವಿಧಿಸಿದೆ. ರಿಸರ್ವ್ ಬ್ಯಾಂಕು 2017ರ ನವೆಂಬರ್ 9ರಂದು ವಾಣಿಜ್ಯ ಬ್ಯಾಂಕುಗಳಿಗೆ, ಗ್ರಾಮೀಣ ಬ್ಯಾಂಕುಗಳೂ ಸೇರಿದಂತೆ, ಒಂದು ಸುತ್ತೋಲೆ ಕಳುಹಿಸಿತು. ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ಪ್ರತ್ಯೇಕ ಕೌಂಟರ್ ಇರಬೇಕು, ಇಲ್ಲವೇ ಅವರಿಗೆ ಆದ್ಯತೆ ಕೊಡುವ ಕೌಂಟರೊಂದು ಎದ್ದು ಕಾಣುವಂತಿರಬೇಕು. 70 ವರ್ಷ ದಾಟಿದವರಿಗೆ ಹಣ ಕೊಡುವ, ತೆಗೆದುಕೊಳ್ಳುವ ಸೇವೆ ಮನೆಬಾಗಿಲಿಗೇ ಸಿಗುವಂತಾಗಬೇಕು ಎಂಬುದು ಅದರ ತಾತ್ಪರ್ಯ. ಪೇಟೆಯ ಬ್ಯಾಂಕಿನಲ್ಲಿ ಅಂತಹ ಫಲಕ ಕಾಣದಿದ್ದರೆ ಮ್ಯಾನೇಜರರನ್ನು ಧೈರ್ಯವಾಗಿ ಕೇಳಬಹುದು. ಅದು ದಾಕ್ಷಿಣ್ಯದ ಮಾತಲ್ಲ.

ಆದರೆ ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಾಗಲಿ, ಮಾರಾಟ ಸಂಘಗಳಾಗಲಿ ಬ್ಯಾಂಕುಗಳಲ್ಲ. ಆ ಸುತ್ತೋಲೆ ಅವುಗಳಿಗೆ ಬಂದದ್ದಲ್ಲ. ಗೊಬ್ಬರದ ಕಿಟಕಿ, ಅಡಿಕೆ ತೂಕದ ಕಟ್ಟೆ, ಸಾಲ ನವೀಕರಣದ ಮೇಜು, ಇಲ್ಲೆಲ್ಲ ಯಾರು ಮೊದಲು ಎಂಬುದನ್ನು ಸದಸ್ಯರಾದ ನಾವೇ ತೀರ್ಮಾನ ಮಾಡಿಕೊಳ್ಳಬೇಕು. ಮೇಲಿನಿಂದ ಬಂದ ಕಟ್ಟಳೆ ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು ಬಸ್ಸಿನಲ್ಲಿ ನೋಡಿದ್ದೇವಲ್ಲ. ಹಿರಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಶೇಕಡಾ 25 ರಿಯಾಯಿತಿ ಇದೆ, ಹತ್ತುವ ಬಾಗಿಲಲ್ಲಿ ನೂಕುನುಗ್ಗಲಿಗೆ ರಿಯಾಯಿತಿ ಇಲ್ಲ.

ಹತ್ತು ಜನರ ಲೆಕ್ಕ

ಈಗ ಸ್ವಲ್ಪ ಲೆಕ್ಕಕ್ಕೆ ಬರೋಣ. ಸಾಲಿನ ಲೆಕ್ಕಾಚಾರವೂ ಒಂದು ಶಾಸ್ತ್ರವೇ ಆಗಿದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದಾಗ, ಕರೆಗಳು ಒಂದರ ಹಿಂದೊಂದು ಬರುವುದರ ಬಗ್ಗೆ 1909ರಲ್ಲಿ ಬರೆದ ಲೇಖನದಿಂದ ಅದು ಆರಂಭವಾಯಿತು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಕೂಡಿಸುವುದು ಕಳೆಯುವುದು ಬಂದರೆ ಸಾಕು.

ಕಿಟಕಿಯ ಮುಂದೆ ಹತ್ತು ಜನ ಇದ್ದಾರೆ, ಒಬ್ಬೊಬ್ಬರ ಕೆಲಸಕ್ಕೆ 6 ನಿಮಿಷ ಎಂದಿಟ್ಟುಕೊಳ್ಳಿ. ಹತ್ತನೆಯವರು 54 ನಿಮಿಷ ಕಾಯಬೇಕು. ಅವರು ವಯಸ್ಸಾದವರೆಂದು ಎಲ್ಲರಿಗಿಂತ ಮುಂದೆ ಬಿಟ್ಟರೆ ಅವರಿಗೆ 54 ನಿಮಿಷ ಉಳಿಯಿತು. ಉಳಿದ ಒಂಬತ್ತು ಜನರಿಗೆ ತಲಾ 6 ನಿಮಿಷ ಹೆಚ್ಚಾಯಿತು, ಒಟ್ಟು 54. ಅಂದರೆ ಕಾಯುವಿಕೆಯ ಮೊತ್ತ ಒಂದು ನಿಮಿಷವೂ ಹೆಚ್ಚಲಿಲ್ಲ, ಒಂದು ನಿಮಿಷವೂ ಕಡಿಮೆಯಾಗಲಿಲ್ಲ. ಒಬ್ಬರ ತಲೆಯ ಮೇಲಿದ್ದ ಹೊರೆಯನ್ನು ಒಂಬತ್ತು ಜನ ಹಂಚಿಕೊಂಡರು, ಅಷ್ಟೆ. ಮಂಡಿ ನೋವಿನವರಿಗೆ 54 ನಿಮಿಷ ನಿಲ್ಲುವುದು ಬಹಳ ಕಷ್ಟ. ಗಟ್ಟಿಮುಟ್ಟಾದವರಿಗೆ 6 ನಿಮಿಷ ಏನೂ ಅಲ್ಲ. ಹೀಗೆ ನೋಡಿದರೆ ಹಿರಿಯರಿಗೆ ದಾರಿ ಬಿಡುವುದು ಸರಿ ಎಂದೇ ಕಾಣುತ್ತದೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಹಿರಿಯರ ಕೆಲಸಕ್ಕೆ ಕಿಟಕಿಯಲ್ಲಿ 6 ನಿಮಿಷವೇ ಸಾಕಾಗುತ್ತದೆಯೇ? ಕನ್ನಡಕ ಹುಡುಕಬೇಕು, ಪಾಸ್‌ಪುಸ್ತಕದ ಮಡಿಕೆಯಲ್ಲಿಟ್ಟ ಚೀಟಿ ತೆಗೆಯಬೇಕು. ಯೂರಿಯಾ, ಡಿಎಪಿ, ಪೊಟ್ಯಾಷುಗಳನ್ನು ಆಧಾರ್ ಗುರುತಿನ ಮೇಲೆ ಯಂತ್ರದ ಮೂಲಕ ಮಾರುವ ವ್ಯವಸ್ಥೆ 2018ರ ಮಾರ್ಚಿಯ ವೇಳೆಗೆ ದೇಶದ ಎಲ್ಲ ಕಡೆಗೆ ಬಂದಿತು. ಐವತ್ತು ವರ್ಷ ಕತ್ತಿ, ಗುದ್ದಲಿ ಹಿಡಿದು, ಅಡಿಕೆ ಸುಲಿದು, ಸುಣ್ಣ ಕಲಸಿದ ಬೆರಳಿನಲ್ಲಿ ಯಂತ್ರಕ್ಕೆ ಬೇಕಾದ ಗೆರೆ ಎಲ್ಲಿ ಉಳಿದಿರುತ್ತದೆ? ಒರೆಸಿ ಇಡು, ಒತ್ತಿ ಇಡು, ಇನ್ನೊಂದು ಬೆರಳು ಇಡು ಎನ್ನುವಷ್ಟರಲ್ಲಿ 12 ನಿಮಿಷವಾಗುತ್ತದೆ. ಆಗ ಅವರನ್ನು ಮುಂದೆ ಬಿಟ್ಟರೆ ಅವರಿಗೆ ಉಳಿಯುವುದು ಅದೇ 54 ನಿಮಿಷ, ಉಳಿದವರಿಗೆ ಹೆಚ್ಚುವುದು ಒಂಬತ್ತು ಹನ್ನೆರಡಲೆ 108. ಹಿಂದೆ ನಿಂತವರು ಗೊಣಗಿದರೆ ಅವರನ್ನು ಮರ್ಯಾದೆ ಗೊತ್ತಿಲ್ಲದವರೆಂದು ಬಯ್ಯುವ ಮೊದಲು ಈ ಲೆಕ್ಕ ನೆನಪಿರಲಿ. ತೋಟದಲ್ಲಿ ಎಂಟು ಆಳುಗಳನ್ನು ಬಿಟ್ಟು ಒಂದು ಚೀಲ ಗೊಬ್ಬರಕ್ಕೆ ಓಡಿ ಬಂದ ಯುವಕರಿಗೂ ಹೊತ್ತಿನ ಬೆಲೆ ಇದೆ. ಈ ದಿನಗಳಲ್ಲಿ ಒಂದು ಆಳು ಸಿಗುವುದೇ ಎಷ್ಟು ದುರ್ಲಭವೆಂದು ಎಲ್ಲರಿಗೂ ಗೊತ್ತು.

ಇನ್ನು ಮೂರನೆಯ ರೀತಿ. ಹಿರಿಯರನ್ನು ಬಂದ ಕೂಡಲೇ ಬೆಂಚಿನ ಮೇಲೆ ಕೂರಿಸಿ, ಸರದಿಯ ಸಂಖ್ಯೆ ಬರೆದ ಚೀಟಿ ಕೊಟ್ಟು, ಅವರ ಅರ್ಜಿ ತುಂಬುವುದು, ಪುಸ್ತಕ ನೋಡುವುದು, ಬೆರಳು ಹಿಡಿಯುತ್ತದೆಯೋ ಇಲ್ಲವೋ ಪರೀಕ್ಷಿಸುವುದು ಇವನ್ನೆಲ್ಲ ಕೂತಲ್ಲೇ ಮುಗಿಸಿದರೆ ಕಿಟಕಿಯಲ್ಲಿ 3 ನಿಮಿಷ ಸಾಕು. ಆಗ ಅವರನ್ನು ಮುಂದೆ ಬಿಟ್ಟರೂ ಉಳಿದವರಿಗೆ ಆಗುವ ತಡ ಒಟ್ಟು 27 ನಿಮಿಷ. ಹಿರಿಯರಿಗೆ 54 ಉಳಿಯಿತು, ಊರಿಗೂ 27 ಉಳಿಯಿತು. ಹಿರಿಯರಿಗೆ ಸಾಲಿನ ತಲೆಯಲ್ಲಿ ಜಾಗ ಕೊಡುವುದಕ್ಕಿಂತ ಒಬ್ಬ ಬರೆಯುವ ಹುಡುಗನನ್ನು ಕೊಡುವುದು ಹೆಚ್ಚಿನ ಸಹಾಯ.

ಇದೇ ಲೆಕ್ಕವನ್ನು ತೂಕದ ಕಟ್ಟೆಗೂ ಹಾಕಬಹುದು. ನಲವತ್ತು ಚೀಲ ತಂದವರ ಕೆಲಸಕ್ಕೆ 30 ನಿಮಿಷ ಬೇಕು, ಅವರ ಹಿಂದೆ ಒಂದೇ ಚೀಲದ ಚಾಲಿ ಅಡಿಕೆ ತಂದವರ ಕೆಲಸಕ್ಕೆ 3 ನಿಮಿಷ ಸಾಕು. ಸಣ್ಣವರು ಮುಂದೆ ಹೋದರೆ ಅವರಿಗೆ ಅರ್ಧ ಗಂಟೆ ಉಳಿಯುತ್ತದೆ, ದೊಡ್ಡವರಿಗೆ ಮೂರೇ ನಿಮಿಷ ಹೋಗುತ್ತದೆ. ಇದು ವಯಸ್ಸಿನ ಮಾತಲ್ಲವಾದರೂ, ಬಸ್ಸಿನಲ್ಲಿ ಒಂದು ಚೀಲ ಹಾಕಿಕೊಂಡು ಬರುವವರಲ್ಲಿ ವಯಸ್ಸಾದವರೇ ಹೆಚ್ಚೆಂಬುದನ್ನು ಗಮನಿಸಬೇಕು. ಒಂದು ಚೀಲದವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರೆ ನಲವತ್ತು ಚೀಲದವರು ಸಂಜೆಯವರೆಗೆ ಅಲ್ಲೇ ಇರಬೇಕಾದೀತು. ಆದುದರಿಂದ ಮೂವರು ಸಣ್ಣವರಾದ ಮೇಲೆ ಒಬ್ಬರು ದೊಡ್ಡವರು ಎಂದು ಮಿತಿ ಹಾಕಿಕೊಳ್ಳಬೇಕು.

ಸಾಮಾನು ಮುಗಿದುಹೋಗುವ ಸಾಲು

ಇಲ್ಲಿಯವರೆಗಿನ ಲೆಕ್ಕವೆಲ್ಲ, ತಡವಾದರೂ ಎಲ್ಲರಿಗೂ ಸಿಗುತ್ತದೆ ಎನ್ನುವ ಸಾಲಿಗೆ ಅನ್ವಯಿಸುತ್ತದೆ. ಪಾಸ್‌ಪುಸ್ತಕ ಬರೆಸುವುದು, ಸಾಲ ನವೀಕರಣ, ತೂಕ, ಪಹಣಿ ಇವೆಲ್ಲ ಆ ಜಾತಿಯವು. ಅಲ್ಲಿ ಪಂಕ್ತಿಯ ನ್ಯಾಯ ನಡೆಯಬಹುದು. ಗೋದಾಮಿನಲ್ಲಿ 60 ಚೀಲ ಇದ್ದು ಹೊರಗೆ 90 ಜನ ಇದ್ದಾಗ ಮಾತೇ ಬೇರೆ. ಅಲ್ಲಿ ಒಬ್ಬರನ್ನು ಮುಂದೆ ಬಿಡುವುದೆಂದರೆ ಹಿಂದಿನ ಒಬ್ಬರಿಗೆ ಇಲ್ಲವೆನಿಸುವುದು. ಆರು ನಿಮಿಷದ ಪ್ರಶ್ನೆಯಲ್ಲ, ಒಂದು ತೋಟದ ಫಸಲಿನ ಪ್ರಶ್ನೆ. ಮುದುಕರ ತೋಟಕ್ಕೆ ಕೊಳೆ ಬೇಗ ಬರುತ್ತದೆ, ಯುವಕರ ತೋಟಕ್ಕೆ ನಿಧಾನವಾಗಿ ಬರುತ್ತದೆ ಎಂದೇನೂ ಇಲ್ಲವಲ್ಲ.

ವಯಸ್ಸಿನ ಮೇಲೆಯೇ ಪಾಲು ಹಂಚಿದ ಒಂದು ಉದಾಹರಣೆ ನಮ್ಮ ಕಣ್ಣ ಮುಂದಿದೆ. 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಜನವರಿ 16ರಿಂದ ಆಸ್ಪತ್ರೆಯ ಸಿಬ್ಬಂದಿಗೆ ಆರಂಭವಾಗಿ, ಮಾರ್ಚಿ 1ರಿಂದ 60 ದಾಟಿದವರಿಗೂ ಬೇರೆ ಕಾಯಿಲೆಗಳಿದ್ದ 45 ದಾಟಿದವರಿಗೂ ಕೊಟ್ಟರು. 18 ದಾಟಿದವರ ಸರದಿ ಮೇ 1ಕ್ಕೆ ಬಂತು. ಲಸಿಕೆ ಸಾಲದಿದ್ದ ಆ ದಿನಗಳಲ್ಲೂ ಈ ಕ್ರಮವನ್ನು ಬಹುಮಂದಿ ಒಪ್ಪಿದರು. ಅದು ಗೌರವದ ಮಾತಾಗಿರಲಿಲ್ಲ. ಆ ಕಾಯಿಲೆ ವಯಸ್ಸಾದವರ ಪ್ರಾಣವನ್ನೇ ಹೆಚ್ಚಾಗಿ ತೆಗೆಯುತ್ತಿತ್ತು. ಹಂಚುವ ವಸ್ತುವಿನ ಅಗತ್ಯವೇ ವಯಸ್ಸಿನ ಜೊತೆ ಹೆಚ್ಚುವಂತಿದ್ದರೆ ಪಾಲಿನಲ್ಲೂ ಹಿರಿಯರು ಮೊದಲು. ಮೈಲುತುತ್ತಿಗೆ, ಯೂರಿಯಾಕ್ಕೆ ಈ ಮಾತು ಹೊಂದುವುದಿಲ್ಲ.

ಹಾಗಾದರೆ ಸಾಮಾನು ಸಾಲದಿದ್ದಾಗ ಹಿರಿಯರು ಬಿಸಿಲಿನಲ್ಲಿ ನಿಂತೇ ಇರಬೇಕೇ? ಬೇಡ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟುಗಳು ರದ್ದಾದ ಮೇಲಿನ ಸಾಲುಗಳನ್ನು ನೆನಪು ಮಾಡಿಕೊಳ್ಳಿ. ನಮ್ಮ ಕಡೆ ಕೊಯ್ಲಿನ ಕಾಲ, ಕೂಲಿ ಕೊಡಲು ಕೈಯಲ್ಲಿ ಚಲಾವಣೆಯ ನೋಟಿಲ್ಲ. ಅದರ ಮೇಲೆ ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ತೆಗೆದುಕೊಳ್ಳಬಾರದೆಂದು ನವೆಂಬರ್ 14ರಂದು ಆದೇಶವಾಯಿತು. ಆ ಗೊಂದಲದಲ್ಲೂ ನಡೆದ ಎರಡು ಕ್ರಮಗಳು ಗಮನಾರ್ಹ. ನೋಟು ಬದಲಾವಣೆಯ ಮಿತಿಯನ್ನು ನವೆಂಬರ್ 18ರಿಂದ 2,000 ರೂಪಾಯಿಗೆ ಇಳಿಸಿದರು. ಮಾರನೆಯ ದಿನ, ಶನಿವಾರ, ತಮ್ಮದೇ ಗ್ರಾಹಕರನ್ನು ಬಿಟ್ಟರೆ ಹಿರಿಯ ನಾಗರಿಕರಿಗೆ ಮಾತ್ರ ಬ್ಯಾಂಕುಗಳು ನೋಟು ಬದಲಾಯಿಸಿ ಕೊಟ್ಟವು. ಪಾಲನ್ನು ಮೊದಲು ಗೊತ್ತು ಮಾಡಿ, ಹಿರಿಯರಿಗೆ ಹೊತ್ತನ್ನು ಬೇರೆ ಮಾಡಿಕೊಟ್ಟರು. ಆ ಇಡೀ ಪ್ರಸಂಗದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಕ್ರಮವನ್ನು ನಾವು ಗೋದಾಮಿಗೆ ತರಬಹುದು. ದಾಸ್ತಾನು ಬಂದ ದಿನವೇ ಅದನ್ನು ಸದಸ್ಯರ ಮೇಲೆ, ತೋಟದ ವಿಸ್ತೀರ್ಣ ನೋಡಿ, ಭಾಗಿಸಿ ಹಲಗೆಯ ಮೇಲೆ ಬರೆದುಬಿಟ್ಟರೆ ಸಾಲಿನ ಮುಂದಿದ್ದವರಿಗೂ ಹಿಂದಿದ್ದವರಿಗೂ ವ್ಯತ್ಯಾಸವಿಲ್ಲ. ಪಾಲು ನೀರಿನ ನ್ಯಾಯದಂತೆ, ಹೊತ್ತು ಪಂಕ್ತಿಯ ನ್ಯಾಯದಂತೆ.

ಹೀಗೆ ಪಾಲು ಮೊದಲೇ ಗೊತ್ತಾದರೆ ಇನ್ನೊಂದು ಅನಿಷ್ಟವೂ ನಿಲ್ಲುತ್ತದೆ. ಹಿರಿಯರಿಗೆ ಮೊದಲ ಅವಕಾಶ ಎಂದು ಫಲಕ ಹಾಕಿದ ಮರುದಿನವೇ ಮನೆಮನೆಯ ಅಜ್ಜ ಅಜ್ಜಿಯರು ಪೇಟೆಗೆ ಹೊರಡುತ್ತಾರೆ. ವರ್ಷವೆಲ್ಲ ಜಗಲಿ ದಾಟದವರನ್ನು ಆ ದಿನ ಮಾತ್ರ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ತರುವುದು, ಅವರ ಹೆಸರಿನಲ್ಲಿ ಮನೆಯ ಹದಿನಾಲ್ಕು ಚೀಲ ಎತ್ತುವುದು. ಇದನ್ನು ಹಿರಿಯರ ಮೇಲಿನ ಗೌರವವೆಂದು ಕರೆಯಲಾಗುವುದಿಲ್ಲ. ಆದ್ಯತೆ ಇರುವುದು ಆ ವ್ಯಕ್ತಿಯ ಆಯಾಸಕ್ಕೆ. ಜೊತೆಯಲ್ಲಿ ನಿಲ್ಲಬಲ್ಲ ಮಗನೋ ಮೊಮ್ಮಗನೋ ಇದ್ದರೆ ಹಿರಿಯರು ಬೆಂಚಿನಲ್ಲಿ ಕೂರಲಿ, ಹುಡುಗ ಸಾಲಿನಲ್ಲಿ ನಿಲ್ಲಲಿ.

ಎಲ್ಲರೂ ಹಿರಿಯರಾದಾಗ

ಇನ್ನೊಂದು ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಂತಿಲ್ಲ. ಮಕ್ಕಳು ಬೆಂಗಳೂರಿಗೆ, ಹೊರದೇಶಕ್ಕೆ ಹೋದ ಮೇಲೆ ತೋಟಗಳಲ್ಲಿ ಉಳಿದವರು ಯಾರು? ಯಾವುದೇ ಸಂಘದ ಸಾಲನ್ನು ಕಣ್ಣಿಟ್ಟು ನೋಡಿ, ಕಪ್ಪು ತಲೆಗಿಂತ ನರೆತ ತಲೆಯೇ ಹೆಚ್ಚು. ಹತ್ತರಲ್ಲಿ ಆರು ಜನ 60 ದಾಟಿದವರಾದರೆ 'ಹಿರಿಯರಿಗೆ ಪ್ರತ್ಯೇಕ ಸಾಲು' ಎಂಬುದೇ ಉದ್ದದ ಸಾಲಾಗಿ, ಯುವಕರ ಸಾಲು ಬೇಗ ಮುಗಿಯುತ್ತದೆ.

ಕಾಫಿ ಬೆಳೆಯಲ್ಲಿ ಜಗತ್ತಿಗೇ ಮೊದಲಿರುವ ಬ್ರೆಜಿಲ್ ದೇಶ ಈ ತೊಂದರೆಯನ್ನು ನಮಗಿಂತ ಮೊದಲೇ ಕಂಡಿದೆ. ಅಲ್ಲಿ ಬ್ಯಾಂಕು, ಕಚೇರಿಗಳ ಸಾಲಿನಲ್ಲಿ ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಅಂಗವಿಕಲರಿಗೆ, ಕೂಸನ್ನು ಎತ್ತಿಕೊಂಡವರಿಗೆ ಮೊದಲ ಅವಕಾಶವನ್ನು 2000ದಲ್ಲಿಯೇ ಕಾನೂನು ಮಾಡಿ ಕೊಟ್ಟರು. 60 ದಾಟಿದವರ ಸಂಖ್ಯೆ ಬೆಳೆಯುತ್ತಾ ಹೋಯಿತು. 2017ರಲ್ಲಿ ಇನ್ನೊಂದು ಕಾನೂನು ತಂದು, ಹಿರಿಯರ ಪೈಕಿ 80 ದಾಟಿದವರಿಗೆ ಉಳಿದ ಹಿರಿಯರಿಗಿಂತಲೂ ಮೊದಲ ಅವಕಾಶ ಎಂದು ವಿಧಿಸಬೇಕಾಯಿತು. 2023ರಲ್ಲಿ ರಕ್ತದಾನಿಗಳನ್ನೂ ಆದ್ಯತೆಯ ಪಟ್ಟಿಗೆ ಸೇರಿಸಿದರಂತೂ ಪಟ್ಟಿ ಇನ್ನೂ ಉದ್ದವಾಯಿತು. ನಮ್ಮ ಚುನಾವಣಾ ಆಯೋಗ ಬೇರೆ ದಾರಿ ಹಿಡಿಯಿತು. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. 2024ರ ಲೋಕಸಭಾ ಚುನಾವಣೆಗೆ ಆ ವಯಸ್ಸನ್ನು 85ಕ್ಕೆ ಏರಿಸಿದರು. ಸಾಲಿನಲ್ಲಿ ಮುಂದಕ್ಕೆ ಬಿಡುವ ಬದಲು ಸಾಲಿಗೇ ಬರಬೇಕಾಗಿಲ್ಲದಂತೆ ಮಾಡಿದರು. ಸಂಘದ ಲಾರಿ ಹೇಗೂ ಊರೂರಿಗೆ ಗೊಬ್ಬರ ಇಳಿಸುವ ಕಡೆಗಳಲ್ಲಿ ಒಂಟಿಯಾಗಿರುವ ಅತಿ ವೃದ್ಧ ಸದಸ್ಯರ ಚೀಲವನ್ನು ರಸ್ತೆಯ ಬದಿಯ ಅಂಗಡಿಯಲ್ಲಿ ಇಳಿಸಿ ಹೋಗುವುದು ಅಷ್ಟೇನೂ ಕಷ್ಟವಲ್ಲ.

60 ಎಂಬುದು ಕಾಗದದ ಸಂಖ್ಯೆ. ಅರವತ್ತೆರಡರಲ್ಲಿ ದೋಟಿ ಹಿಡಿದು ಕೊನೆ ಇಳಿಸುವವರಿದ್ದಾರೆ, ಅವರಿಗೆ ಮುಂದೆ ಹೋಗಿ ಎಂದರೆ "ನನಗೇನಾಗಿದೆ?" ಎಂದು ರೇಗುತ್ತಾರೆ, ರೇಗುವುದೂ ಸರಿಯೇ. ನಲವತ್ತೈದರಲ್ಲಿ ಬೆನ್ನು ಮುರಿದುಕೊಂಡವರಿದ್ದಾರೆ. ಅವರ ಮುಖ ನೋಡಿ ಯಾರೂ ದಾರಿ ಬಿಡುವುದಿಲ್ಲ.

ಹಾಗಾದರೆ ವಯಸ್ಸನ್ನು ನೋಡುವುದೇ ಬೇಡವೆನ್ನೋಣವೇ? ಅದೂ ಸರಿಯಲ್ಲ. ವಯಸ್ಸಿಗೆ ಇರುವ ಒಂದು ಗುಣ ಬೇರೆ ಯಾವ ಅರ್ಹತೆಗೂ ಇಲ್ಲ. ಅದು ಬದುಕಿ ಉಳಿದ ಎಲ್ಲರಿಗೂ ಬರುತ್ತದೆ. ಇಂದು ಎಪ್ಪತ್ತೈದಾದವರು ತಮ್ಮ ಯೌವನದಲ್ಲಿ ಸೀಮೆಎಣ್ಣೆಗೆ, ಸಕ್ಕರೆಗೆ ನಿಂತವರು. 1982ರಲ್ಲಿ ಸಿಮೆಂಟಿನ ನಿಯಂತ್ರಣ ಸಡಿಲವಾಗುವ ಮೊದಲು ಹತ್ತು ಚೀಲ ಸಿಮೆಂಟಿನ ಪರ್ಮಿಟ್ಟಿಗೆ ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದವರು. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಪೂರ್ಣವಾಗಿ ಮುಗಿಯುವ ಮೊದಲು, ಕೊಟ್ಟ ಕಾಫಿಯ ಹಣದ ಕಂತಿಗಾಗಿ ತಿಂಗಳುಗಟ್ಟಲೆ ಕಾದವರು. ಆ ಸಾಲುಗಳಲ್ಲಿ ಅವರೂ ಆಗಿನ ಮುದುಕರಿಗೆ ದಾರಿ ಬಿಟ್ಟಿದ್ದಾರು. ಇಂದು ದಾರಿ ಬಿಡುವ ಯುವಕರಿಗೆ ಮುಂದೆ ಒಂದು ದಿನ ದಾರಿ ಸಿಗುತ್ತದೆ. ಆಸ್ತಿಗೆ, ಅಧಿಕಾರಕ್ಕೆ ಬಿಡುವ ದಾರಿ ಹೀಗೆ ತಿರುಗಿ ಬರುವುದಿಲ್ಲ.

ಈ ಗೌರವ ಸದಸ್ಯರಿಗೆ ಮಾತ್ರವೇ ಎಂಬುದನ್ನೂ ಕೇಳಿಕೊಳ್ಳಬೇಕು. ಶನಿವಾರ ಸಂಜೆ ನಮ್ಮ ತೋಟಗಳ ಬಟವಾಡೆಯ ಸಾಲಿನಲ್ಲಿ ಅರವತ್ತು ದಾಟಿದ ಹೆಣ್ಣಾಳುಗಳು ನಿಂತಿರುತ್ತಾರೆ, ಇಡೀ ದಿನ ಕಾಫಿ ಹಣ್ಣು ಕೊಯ್ದು ಬಂದ ಕಾಲಿನಲ್ಲಿ. ಅವರನ್ನು ಮೊದಲು ಕರೆದು ಕೂಲಿ ಕೊಟ್ಟು ಕಳಿಸುವುದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ. ಸಂಘದ ಸಾಲಿನಲ್ಲೂ ಗಂಡ ತೀರಿಕೊಂಡ ಮೇಲೆ ಸದಸ್ಯರಾದ ವಯಸ್ಸಾದ ಹೆಂಗಸರು, ಗಂಡಸರ ನಡುವೆ ನುಗ್ಗಲಾರದೆ, ಕಂಬದ ಬದಿಯಲ್ಲಿ ನಿಂತು ಸಾಲು ಕರಗುವವರೆಗೆ ಕಾಯುವುದನ್ನು ನೋಡಿದ್ದೇವೆ. ಸಂಖ್ಯೆಯ ಚೀಟಿ ಇದ್ದರೆ ಅವರಿಗೆ ನುಗ್ಗುವ ಅಗತ್ಯವೇ ಇಲ್ಲ.

ಕೊನೆಗೆ, ಸಂಘದ ಆಡಳಿತ ಮಂಡಳಿಯವರು ಈ ಮುಂಗಾರಿಗೆ ಮೊದಲೇ ಮಾಡಬಹುದಾದದ್ದು ಕೆಲವಿದೆ. ಬಾಗಿಲು ತೆರೆಯುವಾಗಲೇ ಸಂಖ್ಯೆಯ ಚೀಟಿ ಕೊಡುವುದು. ಚೀಟಿಯ ಹಿಂದೆ, ಯಾರು ಯಾವ ಬಸ್ಸಿಗೆ ಹಿಂತಿರುಗಬೇಕೆಂಬುದನ್ನು ಬರೆದುಕೊಳ್ಳುವುದು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಬಸ್ಸಿಲ್ಲದ ಊರಿನವರು, ಅವರ ವಯಸ್ಸು ಎಷ್ಟೇ ಇರಲಿ, ಪೇಟೆಯವರಿಗಿಂತ ಮೊದಲು ಹೋಗಲಿ. ಎರಡು ಕಿಟಕಿ ಇರುವಲ್ಲಿ ಎರಡು ಸಾಲು ಮಾಡದೆ ಒಂದೇ ಸಾಲು ಮಾಡಿ, ಬಿಡುವಾದ ಕಿಟಕಿಗೆ ಮುಂದಿನವರು ಹೋಗಲಿ. ವಿತರಣೆಯ ದಿನ ಬೆಳಗಿನ ಮೊದಲ ಒಂದು ಗಂಟೆಯನ್ನು 70 ದಾಟಿದವರಿಗೂ ನಡೆಯಲಾರದವರಿಗೂ ಮೀಸಲಿಟ್ಟು, ಪಾಲು ಮಾತ್ರ ಹಲಗೆಯಲ್ಲಿ ಬರೆದಷ್ಟೇ ಕೊಡಲಿ. ಬೆರಳು ಹಿಡಿಯದವರಿಗೆ ಬೇರೆ ವಿಧಾನ ಏನೆಂಬುದನ್ನು ಗುಮಾಸ್ತರು ಮೊದಲೇ ತಿಳಿದುಕೊಂಡಿರಲಿ.

ಇವೆಲ್ಲಕ್ಕಿಂತ ಮೊದಲು ಎರಡು ಬೆಂಚು, ಒಂದು ಕೊಡ ನೀರು, ಬೀಗ ಹಾಕದ ಒಂದು ಶೌಚಾಲಯ ಬೇಕು. ಮೂತ್ರಕ್ಕೆ ಹೋಗಿ ಬರುವಷ್ಟರಲ್ಲಿ ಸರದಿ ಹೋದೀತೆಂಬ ಭಯದಿಂದ ಬೆಳಗಿನಿಂದ ನೀರನ್ನೇ ಕುಡಿಯದೆ ನಿಲ್ಲುವ ಹಿರಿಯರು ಆ ಸಾಲಿನಲ್ಲಿದ್ದಾರೆ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಬೆಂಚಿನ ಖರ್ಚನ್ನು ಯಾವ ಬಾಬಿಗೆ ಹಾಕುವುದೆಂದು ಕಾರ್ಯದರ್ಶಿಯವರು ಕೇಳಬಹುದು. ಗೋದಾಮಿನ ದುರಸ್ತಿಯ ಬಾಬಿಗೆ ಹಾಕಿದರೆ ಯಾವ ಸದಸ್ಯರೂ ಆಕ್ಷೇಪಿಸಲಾರರು.